ಖರ್ಚು ಕೊಟ್ಟು ಓದಿಸುವ ಸೀಟು

ಭಾನುವಾರ, ಮಾರ್ಚ್ ೨೯

ನನ್ನ ಮುಂಗೋಪಿ ಮಗಳಿಗೆ,

ಅಪ್ಪನ ಆಶೀರ್ವಾದ. ಹಿಂದಿನವರು ಕಾಗದ ಶುರು ಮಾಡುವಾಗ ‘ಉಭಯ ಕುಶಲೋಪರಿ’ ಎಂದು ಬರೆಯುತ್ತಿದ್ದರು. ನನ್ನ ಕಡೆಯ ಕುಶಲ ಇದೆ. ನಿನ್ನ ಕಡೆಯದು ತಿಳಿಯುವುದಕ್ಕೆ ನೀನು ಫೋನ್ ಎತ್ತಬೇಕಲ್ಲ. ಆದ್ದರಿಂದ ಈ ಸಲಕ್ಕೆ ಅರ್ಧ ಕುಶಲೋಪರಿ ಎಂದೇ ಇಟ್ಟುಕೋ.

ತಡವಾಯಿತು, ನಿಜ. ನಿನ್ನ ಮೆಸೇಜ್ ಬಂದ ದಿನವೇ ಉತ್ತರ ಕೊಡಬೇಕಾಗಿತ್ತು. ಫೋನಿನಲ್ಲಿ ಟೈಪ್ ಮಾಡಲು ಕೂತೆ. ನನ್ನ ಹೆಬ್ಬೆರಳು ಒಂದು ಅಕ್ಷರ ಮುಟ್ಟಿದರೆ ಮೂರು ಏಳುತ್ತವೆ, ಗೊತ್ತಲ್ಲ. ಬಿಟ್ಟು ಕಾಗದ ಹಿಡಿದೆ. ಮೊದಲನೆಯದನ್ನು ‘ತಮ್ಮ ಉಲ್ಲೇಖಿತ ಸಂದೇಶಕ್ಕೆ ಸಂಬಂಧಿಸಿದಂತೆ’ ಎಂದು ಶುರು ಮಾಡಿಬಿಟ್ಟಿದ್ದೆ. ಆಫೀಸಿನ ಕೈ, ಎಲ್ಲಿ ಹೋಗುತ್ತದೆ! ಎರಡನೆಯದು ತುಂಬ ಉದ್ದವಾಯಿತು. ಅದನ್ನು ರಿವರ್ಸ್ ಗೇರ್ ಓದಿದ. ಡಿಪೋದಲ್ಲಿ ನಾನು ಡ್ಯೂಟಿ ಹಾಕುತ್ತಿದ್ದ ಕಾಲಕ್ಕೆ ಡ್ರೈವರಾಗಿದ್ದನಲ್ಲ, ಯಾವ ಮಾತು ತೆಗೆದರೂ ಇಪ್ಪತ್ತು ವರ್ಷ ಹಿಂದಕ್ಕೇ ಓಡಿಸುತ್ತಾನೆ ಎಂದು ಎಲ್ಲರೂ ಸೇರಿ ಆ ಹೆಸರಿಟ್ಟೆವಲ್ಲ, ಅವನೇ. ಓದಿ ಮುಗಿಸಿ, “ಲೋ, ಇದು ಮಗಳಿಗೆ ಬರೆದಿರೋ ಕಾಗದಾನಾ, ಚಾರ್ಜ್‌ಶೀಟಾ?” ಅಂದ. ಹರಿದು ಹಾಕಿದೆ. ಇದು ಮೂರನೆಯದು. ಇದನ್ನು ಅವನಿಗೆ ತೋರಿಸುವುದಿಲ್ಲ.

ನಿನ್ನ ಮೆಸೇಜ್ ನನಗೆ ಬಾಯಿಪಾಠವಾಗಿದೆ. “ನನ್ನ ಪರವಾಗಿ ಹೋಗಿ ಕೈಚಾಚೋಕೆ ನಿಮಗೆ ಯಾರು ಹೇಳಿದ್ರು ಅಪ್ಪ? ಹಾಗೆ ಬಂದಿರೋ ಸೀಟು ನನಗೆ ಬೇಡ. ನಾಳೆನೇ ಅವರಿಗೆ ಬೇಡ ಅಂತ ಬರೀತೀನಿ.” ಇಷ್ಟೇ. ನಾಳೆ ಅಂದಿದ್ದೆ. ಆ ನಾಳೆ ಕಳೆದು ಬಹಳ ನಾಳೆಗಳಾದವು. ನೀನು ಇನ್ನೂ ಬರೆದಿಲ್ಲ ಎಂದು ನನ್ನ ಅಂದಾಜು. ಬರೆದಿದ್ದರೆ ಅದನ್ನೂ ಒಂದು ಮೆಸೇಜಿನಲ್ಲಿ ನನ್ನ ಮುಖಕ್ಕೆ ಹಿಡಿಯುತ್ತಿದ್ದೆ. ಕೋಪದಲ್ಲಿ ಮಾಡಿದ್ದನ್ನು ಹೇಳದೆ ಇಟ್ಟುಕೊಳ್ಳುವ ಜಾಯಮಾನ ನಿನ್ನದಲ್ಲ, ನಿನ್ನ ಅಮ್ಮನದೂ ಆಗಿರಲಿಲ್ಲ. ಯೂನಿವರ್ಸಿಟಿಯವರು ನಿನಗೆ ಏಪ್ರಿಲ್ ಹದಿನೈದರವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ ನೀನು ‘ಒಪ್ಪಿದೆ’ ಎಂದು ಒಂದು ಸಾಲು ಬರೆಯದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಅದಕ್ಕೇ ಈ ಕಾಗದ. ಏನು ನಡೆಯಿತೆಂದು ಮೊದಲಿನಿಂದ ಹೇಳುತ್ತೇನೆ, ಅರ್ಧದಲ್ಲಿ ಹರಿಯಬೇಡ.

ಹೋದ ವರ್ಷ ನೆನಪಿದೆಯಾ? ವಿದೇಶದಲ್ಲಿ ಎರಡು ಕಡೆ ಸೀಟು ಬಂತು, ಎರಡೂ ಕಡೆ ಫೀಸು ನೋಡಿ ನೀನು ಲ್ಯಾಪ್‌ಟಾಪ್ ಮುಚ್ಚಿದೆ. “ಸೀಟು ಸಿಗತ್ತೆ ಅಪ್ಪ, ದುಡ್ಡು ಸಿಗಲ್ಲ. ಪಿಎಚ್‌ಡಿ ಮಾಡೋರಿಗೆ ಕೊಡ್ತಾರೆ. ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್‌ಗೆ ಯಾರೂ ಕೊಡಲ್ಲ, ಅದು ಅವರಿಗೆ ವ್ಯಾಪಾರ” ಅಂದೆ. ಕೊನೆಯ ಬಸ್ಸು ಹೋಯಿತು ಅನ್ನುವವರ ದನಿಯಲ್ಲಿ ಹೇಳಿದ್ದೆ. ನಾನು ಡಿಪೋದ ಕಿಟಕಿಯಲ್ಲಿ ಕೂತು ತಲೆ ಹಣ್ಣು ಮಾಡಿಕೊಂಡವನು. ಕೊನೆಯ ಬಸ್ಸು ಹೋಯಿತೆಂದು ನಿಲ್ದಾಣದಲ್ಲಿ ಎಲ್ಲರೂ ಹೇಳುತ್ತಿರುವಾಗಲೇ ಶೆಡ್ಡಿನಿಂದ ಒಂದು ಸ್ಪೆಷಲ್ ಹೊರಡುವುದನ್ನು ಎಷ್ಟು ಸಲ ನೋಡಿಲ್ಲ! ಆದರೆ ಆಗ ಸುಮ್ಮನಿದ್ದೆ. ಡಿಸೆಂಬರಿನಲ್ಲಿ ನೀನು ಮತ್ತೆ ಏಳು ಕಡೆ ಅರ್ಜಿ ಹಾಕಿ, “ಇದೇ ಕೊನೆ. ಆಗಲಿಲ್ಲ ಅಂದ್ರೆ ಆಸ್ಪತ್ರೆ ಕಂಪ್ಯೂಟರ್ ವಿಭಾಗದಲ್ಲೇ ಕೂತ್ಕೊಂಡು ಪ್ರಿಂಟರ್ ಬಿಚ್ಕೊಂಡು ಇರ್ತೀನಿ. ನೀವು ಏನೂ ಮಾಡೋಕೆ ಹೋಗ್ಬೇಡಿ” ಅಂದೆ.

ನಾನು ಏನೂ ಮಾಡಲು ಹೋಗಲಿಲ್ಲ. ಲೈಬ್ರರಿಗೆ ಹೋದೆ, ಅಷ್ಟೇ.

ನಮ್ಮ ಬೀದಿಯ ತುದಿಯ ಲೈಬ್ರರಿಯ ಮಹಡಿಯಲ್ಲಿ ಈಗ ನಾಲ್ಕು ಕಂಪ್ಯೂಟರ್ ಇಟ್ಟಿದ್ದಾರೆ. ಒಂದರ ಕೀಲಿಮಣೆಯಲ್ಲಿ ‘ಇ’ ಅಕ್ಷರವಿಲ್ಲ, ಇನ್ನೊಂದರ ಕುರ್ಚಿಗೆ ಕಾಲು ಗಿಡ್ಡ. ಉಸ್ತುವಾರಿಗೆ ಒಬ್ಬಳು ಹುಡುಗಿ ಇದ್ದಾಳೆ. ವಯಸ್ಸು ನಿನಗಿಂತ ಸ್ವಲ್ಪ ಕಡಿಮೆ, ನಾಲಿಗೆ ನಿನ್ನಷ್ಟೇ. ನಾನು ಲೈಬ್ರರಿ ಮೇಡಂ ಎನ್ನುತ್ತೇನೆ, ಅವಳು ನನ್ನನ್ನು ತಾತ ಎನ್ನುತ್ತಾಳೆ, ಲೆಕ್ಕ ಚುಕ್ತಾ. ಮೊದಲ ದಿನ, “ತಾತ, ನಿಮ್ಮ ಸಮಯ ಆಯ್ತು, ಏಳಿ, ಸಿನಿಮಾ ಮನೇಲಿ ನೋಡ್ಕೊಳಿ” ಅಂದಳು. ನಾನು ನೋಡುತ್ತಿದ್ದದ್ದು ಒಂದು ಯೂನಿವರ್ಸಿಟಿಯ ಫೀಸಿನ ಪುಟ. ವಿಷಯ ಹೇಳಿದೆ. ಅವಳು ತನ್ನ ಮೇಜಿನ ಕಂಪ್ಯೂಟರನ್ನೇ ಬಿಟ್ಟುಕೊಟ್ಟಳು.

ನನ್ನ ಇಂಗ್ಲಿಷ್ ವಿಷಯ ನಿನಗೆ ಗೊತ್ತು. ಕಾಲೇಜಿನಲ್ಲಿ ಕಲಿತದ್ದರಲ್ಲಿ ಅರ್ಧ ಡಿಪೋದ ಸುತ್ತೋಲೆಗಳಲ್ಲಿ ಸವೆಯಿತು, ಉಳಿದರ್ಧಕ್ಕೆ ತುಕ್ಕು ಹಿಡಿಯಿತು. ಆದರೆ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದನ್ನು ಮಾತ್ರ ತಲೆಗೆ ಮೊಳೆ ಹೊಡೆದು ಕೂರಿಸಿದ್ದರು. “ಶಲ್ ಅಂದ್ರೆ ಕೊಟ್ಟೇ ಕೊಡ್ತಾರೆ. ಮೇ ಅಂದ್ರೆ ಕೊಟ್ರೂ ಕೊಟ್ಟಾರು. ಜೀವನದಲ್ಲಿ ಯಾವ ಕಾಗದಕ್ಕೆ ಸಹಿ ಹಾಕೋ ಮುಂಚೆನೂ ಇದೆರಡರಲ್ಲಿ ಯಾವುದಿದೆ ನೋಡ್ಕೊಳ್ರೋ.” ಆ ಒಂದು ಪಾಠ ಹಿಡಿದುಕೊಂಡು ಎಷ್ಟು ಯೂನಿವರ್ಸಿಟಿಗಳ ಬಾಗಿಲು ತಟ್ಟಿದೆ ಎನ್ನುತ್ತೀ! ಎಲ್ಲ ಕಡೆಯೂ ‘ಮೇ’. ಅರ್ಹರಿಗೆ ಸಹಾಯಧನ ದೊರೆಯಬಹುದು. ಫೀಸಿನಲ್ಲಿ ರಿಯಾಯಿತಿ ಇರಬಹುದು. ಇನ್ನು ಕೆಲವರದು ‘ಅಪ್ ಟು’. ಬಟ್ಟೆ ಅಂಗಡಿಯವನು ದೊಡ್ಡದಾಗಿ ಅರ್ಧ ಬೆಲೆ ಎಂದು ಬರೆದು ಪಕ್ಕದಲ್ಲಿ ಇರುವೆಯಷ್ಟು ಚಿಕ್ಕದಾಗಿ ‘ವರೆಗೆ’ ಎಂದು ಬರೆದಿರುತ್ತಾನಲ್ಲ, ಅದೇ ಜಾತಿ. ಲೈಬ್ರರಿ ಮೇಡಂ ಒಂದು ಹೊಸ ಪುಟ ತೆಗೆದ ಕೂಡಲೇ ಕೇಳುತ್ತಿದ್ದಳು: “ತಾತ, ಇದು ಮೇ ನಾ ಶಲ್ ನಾ?” ನಾನು ಕನ್ನಡಕ ಸರಿಮಾಡಿಕೊಂಡು, “ಮೇ” ಎನ್ನುತ್ತಿದ್ದೆ. ಅವಳು ಮುಚ್ಚುತ್ತಿದ್ದಳು.

ಆದರೆ ನಿಧಾನವಾಗಿ ಅರ್ಥವಾಗುತ್ತ ಬಂತು. ನೀನು ಹೇಳಿದ್ದು ಪಾಠ ಕೇಳಿ ಪರೀಕ್ಷೆ ಬರೆದು ಹೋಗುವ ಮಾಸ್ಟರ್ಸಿನ ಮಾತು. ಅದಕ್ಕೆ ನಿಜವಾಗಿಯೂ ಯಾರೂ ಕೊಡುವುದಿಲ್ಲ. ಪ್ರಬಂಧ ಬರೆದು, ಒಬ್ಬ ಪ್ರೊಫೆಸರ ಕೈಕೆಳಗೆ ಸಂಶೋಧನೆ ಮಾಡಿ ಪಡೆಯುವ ಇನ್ನೊಂದು ಮಾಸ್ಟರ್ಸ್ ಇದೆ. ನೀನು ಅರ್ಜಿ ಸಂಖ್ಯೆ ಸಮೇತ ಬರೆದು ಮನೆಯಲ್ಲಿ ಬಿಟ್ಟುಹೋದ ಪಟ್ಟಿಯಲ್ಲಿ ನೋಡಿದೆ, ನಿನ್ನ ಏಳು ಅರ್ಜಿಗಳಲ್ಲಿ ಮೂರು ಅಂಥವು. ಅಲ್ಲಿ ದುಡ್ಡು ಯೂನಿವರ್ಸಿಟಿಯದಲ್ಲ, ಆ ಪ್ರೊಫೆಸರ ಯೋಜನೆಯದು. ಅವರ ಕೈಯಲ್ಲಿ ಕೆಲಸ ಇದೆ, ಕೆಲಸಕ್ಕೆ ಜನ ಬೇಕು. ಜನರನ್ನು ತೆಗೆದುಕೊಂಡರೆ ಫೀಸು ಮಾಫಿ, ತಿಂಗಳ ಖರ್ಚಿಗೂ ಕೊಡುತ್ತಾರೆ. ಇದನ್ನು ಓದಿದಾಗ ನಾನು ಕೂತಲ್ಲೇ ನಕ್ಕುಬಿಟ್ಟೆ. ಅಯ್ಯೋ ಮಗಳೇ, ಇದು ನಮ್ಮ ಡಿಪೋ! ಬಸ್ಸು ಇದೆ, ಡೀಸೆಲ್ ಮಂಜೂರಾಗಿದೆ, ಕಂಡಕ್ಟರ್ ಬೇಕು. ಗೋಡೆಯ ಮೇಲಿನ ವೇಳಾಪಟ್ಟಿ ಸಾರ್ವಜನಿಕರಿಗೆ. ಯಾವ ಬಸ್ಸಿಗೆ ಯಾರು ಎಂಬುದು ಒಳಗಿನ ಚಾರ್ಟಿನಲ್ಲಿ.

ಚಾರ್ಟ್ ಎಂದರೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿಯೊಬ್ಬ ಪ್ರೊಫೆಸರ ಪುಟದಲ್ಲೂ ಅವರ ವಿದ್ಯಾರ್ಥಿಗಳ ಫೋಟೋ ಇರುತ್ತದೆ, ಯಾವ ವರ್ಷ ಸೇರಿದರು ಎಂದೂ ಇರುತ್ತದೆ. ಯಾರು ಸೇರಿ ಎರಡು ವರ್ಷವಾಯಿತೋ ಅವರು ಈ ಬೇಸಿಗೆಯಲ್ಲಿ ಇಳಿಯುತ್ತಾರೆ. ಅಂದರೆ ಸೀಟು ಖಾಲಿ. ನಾನು ಅದನ್ನೇ ಒಂದು ಹಾಳೆಯಲ್ಲಿ ಗೀಟು ಹಾಕಿ ಬರೆದುಕೊಳ್ಳುತ್ತ ಕೂತಿದ್ದೆ. ಲೈಬ್ರರಿ ಮೇಡಂ ಹಿಂದಿನಿಂದ ಬಗ್ಗಿ ನೋಡಿ, “ಏನ್ ತಾತ, ಯಾರಾದ್ರೂ ಕಳೆದು ಹೋಗಿದ್ದಾರಾ? ಬೆಳಗಿಂದ ಫೋಟೋ ಫೋಟೋ ಹುಡುಕ್ತಿದ್ದೀರಲ್ಲ” ಅಂದಳು. “ಕಳೆದು ಹೋದವರಲ್ಲಮ್ಮ, ಹೊರಟು ನಿಂತವರು” ಅಂದೆ.

ಹೀಗೆ ನೋಡುತ್ತಿದ್ದಾಗ ಒಂದು ಪುಟದಲ್ಲಿ ಎರಡು ಪದ ಕಂಡು ನನ್ನ ಕೈ ನಿಂತುಬಿಟ್ಟಿತು. ಕ್ರೂ ಶೆಡ್ಯೂಲಿಂಗ್. ಅಂದರೆ ಡ್ಯೂಟಿ ಹಾಕುವುದು! ಅದನ್ನು ಯೂನಿವರ್ಸಿಟಿಯಲ್ಲಿ ಓದುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಪ್ರೊಫೆಸರು ಹೆಂಗಸು, ನರೆತ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ್ದಾರೆ. ವಿಮಾನದವರಿಗೆ, ಆಸ್ಪತ್ರೆಯವರಿಗೆ, ಬಸ್ಸಿನವರಿಗೆ ಪಾಳಿ ಹಾಕುವ ಪ್ರೋಗ್ರಾಮುಗಳು ಅವರ ಕೆಲಸ. ನೀನು ನರ್ಸುಗಳಿಗೆ ಪಾಳಿ ಹಾಕುವ ಪ್ರೋಗ್ರಾಮ್ ಮಾಡಿದ್ದೀ. ನಿನ್ನ ಅರ್ಜಿ ಅಲ್ಲಿಗೆ ಹೋಗಿ ಆಗಲೇ ತಿಂಗಳಾಗಿತ್ತು. ಅವರ ಪುಟದಲ್ಲಿ ಇಬ್ಬರು ಹೊರಟು ನಿಂತಿದ್ದರು. ಇಷ್ಟನ್ನೂ ಕಣ್ಣಾರೆ ಕಂಡು ಕೈಕಟ್ಟಿ ಕೂರು ಎಂದರೆ ಹೇಗೆ ಕೂರಲಿ, ನೀನೇ ಹೇಳು.

ಕೆಳಗೆ ಅವರು ಒಂದು ಎಚ್ಚರಿಕೆ ಹಾಕಿದ್ದರು: ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾಗುವ ಪತ್ರಗಳನ್ನು ನಾನು ಓದುವುದಿಲ್ಲ. ನನಗೆ ಕಾಲ ಕೆಳಗಿನ ನೆಲ ಸರಿದಂತಾಯಿತು. ಅದಿಲ್ಲದೆ ಪತ್ರ ಶುರು ಮಾಡುವುದು ಹೇಗೆ? ಲೈಬ್ರರಿ ಮೇಡಂ, “ಹೆಸರು ಹಿಡಿದು ಕರೀರಿ ತಾತ, ಅಲ್ಲೆಲ್ಲ ಹಾಗೇ” ಅಂದಳು. “ಅಷ್ಟು ಓದಿದವರನ್ನ ಹೆಸರು ಹಿಡಿದು ಕರೆಯೋದಾ? ನಾಲಿಗೆ ಸೇದಿ ಹೋಗತ್ತೆ” ಅಂದೆ. ಕಡೆಗೆ ‘ಡಿಯರ್ ಪ್ರೊಫೆಸರ್’ ಎಂದು ರಾಜಿಯಾದೆವು.

ಇಲ್ಲೇ ನಾನು ಎಡವಿದ್ದು. ನಿನಗೆ ಇದು ಹುಚ್ಚು ಎನ್ನಿಸಬಹುದು, ಆದರೆ ನಮ್ಮ ಡಿಪೋದ ಯಾರನ್ನು ಕೇಳಿದರೂ ಇದು ಹುಚ್ಚಲ್ಲ ಎನ್ನುತ್ತಾರೆ. ನಮ್ಮಲ್ಲಿ ಡ್ರೈವರು, ಕಂಡಕ್ಟರುಗಳ ಅರ್ಜಿಯನ್ನೆಲ್ಲ ಬರೆದುಕೊಡುತ್ತಿದ್ದವನು ನಾನೇ. ‘ಕೆಳಗೆ ಸಹಿ ಮಾಡಿರುವ ನಾನು’ ಎಂದು ನಾನೇ ಅವರಾಗಿ ಬರೆಯಬೇಕು, ಪದ್ಧತಿ ಹಾಗೆ. ನನ್ನ ಬೆನ್ನು ನೋವು, ನನ್ನ ಅತ್ತೆ ತೀರಿಕೊಂಡರು, ನನ್ನ ಹೆಂಡತಿಗೆ ಹೆರಿಗೆ. ಹೊಸದಾಗಿ ಬಂದ ಸಾಹೇಬರೊಬ್ಬರು ಅಕ್ಷರ ಗುರುತಿಟ್ಟುಕೊಂಡು, “ಏನ್ರೀ, ಈ ವರ್ಷ ನಿಮ್ಮ ಹೆಂಡ್ತಿಗೆ ಇದು ನಾಲ್ಕನೇ ಹೆರಿಗೆ ಅಲ್ವಾ?” ಎಂದು ಕೇಳಿದ್ದೂ ಉಂಟು. ಅದೇ ಕೈಯಲ್ಲಿ ನಿನ್ನ ಪರವಾಗಿಯೂ ಬರೆದೆ. ನಾನು ಪಾಳಿ ಹಾಕುವ ಕೆಲಸದಲ್ಲಿ ಆಸಕ್ತಳು, ನಾನು ಇಂಥ ಪ್ರೋಗ್ರಾಮ್ ಮಾಡಿದ್ದೇನೆ, ನನ್ನ ಅರ್ಜಿಯ ಸಂಖ್ಯೆ ಇಂಥದ್ದು, ತಮ್ಮಲ್ಲಿ ಈ ಬೇಸಿಗೆಗೆ ಎರಡು ಸ್ಥಾನ ಖಾಲಿಯಾಗುವಂತೆ ಕಾಣುತ್ತದೆ, ಅದಕ್ಕೆ ಖರ್ಚಿನ ವ್ಯವಸ್ಥೆ ಇದೆಯೇ ದಯವಿಟ್ಟು ತಿಳಿಸುವುದು. ಕೆಳಗೆ ನಿನ್ನ ಹೆಸರು. ಕಳಿಸಿದ್ದು ಮಾತ್ರ ನನ್ನ ಇ-ಮೇಲಿನಿಂದ. ನಿನ್ನದಕ್ಕೆ ನಾನು ಹೇಗೆ ನುಗ್ಗಲಿ?

ಉತ್ತರ ಬಂದೇ ಬಂತು. ಗುರುವಾರ ಸಂಜೆ ನಾಲ್ಕಕ್ಕೆ ವಿಡಿಯೋದಲ್ಲಿ ಮಾತಾಡೋಣ ಎಂದು. ಬುಧವಾರ ನಿನಗೆ ಫೋನ್ ಮಾಡಿದೆ, ನೆನಪು ಮಾಡಿಕೋ. “ಮೀಟಿಂಗ್‌ನಲ್ಲಿದ್ದೀನಿ ಅಪ್ಪ, ಆಮೇಲೆ ಮಾಡ್ತೀನಿ” ಅಂದೆ. ಆ ಆಮೇಲೆ ಬರಲಿಲ್ಲ. ಗುರುವಾರ ಬೆಳಗ್ಗೆ ಮಾಡಿದೆ, ಮಧ್ಯಾಹ್ನ ಮಾಡಿದೆ, ಆಫ್ ಆಗಿತ್ತು. ನಿನ್ನ ತಪ್ಪಲ್ಲ, ಆಸ್ಪತ್ರೆಯ ಕೆಲಸ ಹಾಗೆ. ಆದರೆ ಡಿಪೋದಲ್ಲಿ ಹೊತ್ತಿಗೆ ಸರಿಯಾಗಿ ಹಾಜರಾಗದವನ ಡ್ಯೂಟಿ ಏನಾಗುತ್ತದೆ? ಬದಲಿಗೆಂದು ಕಾದು ಕೂತ ಸ್ಪೇರಿನವನಿಗೆ ಹೋಗುತ್ತದೆ. ಇಸ್ತ್ರಿ ಶರ್ಟು ಹಾಕಿಕೊಂಡು ಲೈಬ್ರರಿಗೆ ಹೋಗಿ ಕೂತೆ. ‘ಅವಳು ಬರುತ್ತಾಳೆ, ಸ್ವಲ್ಪ ತಡೆಯಿರಿ’ ಎಂದಷ್ಟೇ ಹೇಳಿ ಎದ್ದುಬಿಡಬೇಕು ಎಂದುಕೊಂಡಿದ್ದೆ.

ಪರದೆ ಬೆಳಗಿತು. ಪ್ರೊಫೆಸರಮ್ಮ ಮೇಜಿನ ಮೇಲೆಲ್ಲ ಕೈಯಾಡಿಸಿ ಕನ್ನಡಕ ಹುಡುಕುತ್ತಿದ್ದರು. ಅದು ಅವರ ತಲೆಯ ಮೇಲೇ ಇತ್ತು. ನನ್ನನ್ನು ನೋಡಿ, “ಅರ್ಜಿದಾರರು... ನೀವೇನಾ?” ಎಂದು ಕೇಳಿದರು. ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಇಂಗ್ಲಿಷೆಲ್ಲ ಹಾರಿಹೋಗಿ, “ನೋ ಮೇಡಂ. ಅಪ್ಲಿಕೆಂಟ್ ಈಸ್ ಆನ್ ಡ್ಯೂಟಿ. ಐ ಯಾಮ್ ಓನ್ಲಿ ಹೋಲ್ಡಿಂಗ್ ದಿ ಬಸ್” ಅಂದುಬಿಟ್ಟೆ. ಅವರು ಎಷ್ಟು ನಕ್ಕರೆಂದರೆ ಕನ್ನಡಕ ತಲೆಯಿಂದ ಜಾರಿ ಮೂಗಿನ ಮೇಲೆ ಬಿತ್ತು. “ಓ, ಇಲ್ಲಿತ್ತಾ!” ಅಂದರು. ಪಕ್ಕದಲ್ಲಿ ಪರದೆಗೆ ಕಾಣದಂತೆ ಬಗ್ಗಿ ಕೂತಿದ್ದ ಲೈಬ್ರರಿ ಮೇಡಂ ಬಾಯಿಗೆ ದುಪಟ್ಟ ಒತ್ತಿಕೊಂಡಿದ್ದಳು.

ಆಮೇಲೆ ನಾನು ನಡೆದದ್ದನ್ನೆಲ್ಲ ಒಪ್ಪಿಸಿದೆ. ಪತ್ರ ಬರೆದದ್ದು ನಾನು, ನಮ್ಮ ಡಿಪೋದ ಪದ್ಧತಿ ಹೀಗೆ, ಹುಡುಗಿಗೆ ಇದು ತಿಳಿಯದು, ತಿಳಿದರೆ ನನ್ನನ್ನು ಬಿಡುವುದಿಲ್ಲ ಎಂದು. ಡಿಪೋ ಎಂದ ಕೂಡಲೇ ಅವರ ಕಣ್ಣು ಅರಳಿತು. “ಬೆಳಗ್ಗೆ ಡ್ರೈವರ್ ಬರದೆ ಹೋದ್ರೆ ಏನ್ ಮಾಡ್ತಿದ್ರಿ?” ಎಂದರು. “ರೂಲ್ ಪ್ರಕಾರ ಸ್ಪೇರ್ ಪಟ್ಟಿಯ ಮೊದಲನೆಯವನು. ಆದರೆ ಅವನು ಹಿಂದಿನ ದಿನ ದೂರದ ರೂಟಿಗೆ ಹೋಗಿ ಬಂದಿದ್ರೆ ಪಾಪ, ಎಬ್ಬಿಸ್ತಿರಲಿಲ್ಲ” ಅಂದೆ. ನನ್ನ ಇಂಗ್ಲಿಷಿನಲ್ಲಿ ಪಾಪ ಎನ್ನುವುದಕ್ಕೆ ಪದ ಸಿಗದೆ ಪಾಪ ಎಂದೇ ಹೇಳಿದೆ, ಅವರಿಗೆ ಅರ್ಥವಾಯಿತು. ತಾವು ಈ ಕೆಲಸಕ್ಕೆ ಬಂದ ಕಥೆ ಹೇಳಿದರು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಈಗ ಮುಖ್ಯ ಮಾತು, ಗಮನ ಕೊಟ್ಟು ಓದು. ಅವರು ಹೇಳಿದ್ದನ್ನು ಒಂದಕ್ಷರ ಕೂಡಿಸದೆ ಕಳೆಯದೆ ಬರೆಯುತ್ತೇನೆ. “ಈ ಹುಡುಗಿಯ ಫೈಲನ್ನು ನಾನು ಆಗಲೇ ಎತ್ತಿಟ್ಟಿದ್ದೆ. ನಿಮ್ಮ ಪತ್ರದಿಂದ ನನಗೆ ನಗು ಬಂತು, ಫೈಲು ಎತ್ತಿಟ್ಟದ್ದು ಅದರಿಂದಲ್ಲ. ಅವಳ ಪ್ರೋಗ್ರಾಮನ್ನು ನನ್ನ ವಿದ್ಯಾರ್ಥಿಗಳ ಕೈಯಲ್ಲಿ ಓಡಿಸಿ ನೋಡಿದ್ದೇನೆ. ಮುಂದಿನ ವಾರ ಅವಳ ಜೊತೆಗೇ ಮಾತಾಡುತ್ತೇನೆ.” ನಾನು ಕೇಳಿದ್ದು ಒಂದೇ ಒಂದು: “ಖರ್ಚಿನ ವಿಷಯ, ಮೇಡಂ, ಮೇ ನೋ ಶಲ್ ನೋ?” ಅವರು ಮತ್ತೆ ನಕ್ಕು, “ಅವಳು ಚೆನ್ನಾಗಿ ಉತ್ತರ ಕೊಟ್ಟರೆ, ಶಲ್” ಅಂದರು. ಇದರಲ್ಲಿ ಕೈಚಾಚಿದ್ದು ಎಲ್ಲಿ? ಸಾಕ್ಷಿಗೆ ಲೈಬ್ರರಿ ಮೇಡಂ ಇದ್ದಾಳೆ, ಅವಳ ನಂಬರ್ ಬೇಕಾದರೆ ಕೊಡುತ್ತೇನೆ, ಕೇಳು.

ಮುಂದಿನ ವಾರ ಅವರು ನಿನ್ನನ್ನು ಕರೆದು ಒಂದು ಗಂಟೆ ಅರೆದರಲ್ಲ, ಆಗ ನಾನೆಲ್ಲಿದ್ದೆ? ನಿನ್ನ ಕುರ್ಚಿಯ ಕೆಳಗೆ ಕೂತು ಉತ್ತರ ಹೇಳಿಕೊಟ್ಟೆನೇ? ಸೋರುವ ನಲ್ಲಿಗೆ ವಾಷರ್ ಹಾಕಿಸುತ್ತ ಅಡುಗೆಮನೆಯಲ್ಲಿ ನಿಂತಿದ್ದೆ. ಅವರ ಪ್ರಶ್ನೆಗಳಲ್ಲಿ ಒಂದೂ ನನಗೆ ಅರ್ಥವಾಗುತ್ತಿರಲಿಲ್ಲ. ಸೀಟಿನ ಪತ್ರದ ಕೊನೆಯಲ್ಲಿ ಅವರು ‘ನಿಮಗಾಗಿ ಬಸ್ಸು ತಡೆದು ನಿಲ್ಲಿಸಿದ ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ’ ಎಂದು ಒಂದು ಸಾಲು ಬರೆದದ್ದರಿಂದ ನಿನಗೆ ಇದೆಲ್ಲ ಗೊತ್ತಾಯಿತು, ಕೋಪ ಬಂತು. ಬರಲಿ. ನಿನಗೆ ಹೇಳದೆ ಮಾಡಿದ್ದಕ್ಕೆ ನನ್ನನ್ನು ಬೈಯಿ, ಆರು ತಿಂಗಳು ಮಾತು ಬಿಡು. ಆದರೆ ನನ್ನ ಮೇಲಿನ ಸಿಟ್ಟಿಗೆ ನಿನ್ನ ಮೂಗು ಕೊಯ್ದುಕೊಳ್ಳಬೇಡ. ಬಸ್ಸು ನಿನ್ನ ಟಿಕೆಟ್ಟಿಗೆ ನಿಂತಿದೆ. ನಾನು ಫುಟ್‌ಪಾತಿನಲ್ಲಿ ಕೈ ಅಡ್ಡ ಹಿಡಿದವನು, ಅಷ್ಟೇ.

ಒಪ್ಪಿಗೆ ಬರೆಯುವಾಗ ಎರಡು ವಿಷಯ ಬರಹದಲ್ಲಿ ಕೇಳು. ಫೀಸು ಮಾಫಿ ಎರಡೂ ವರ್ಷಕ್ಕಾ, ಇಲ್ಲ ಮೊದಲ ವರ್ಷಕ್ಕೆ ಮಾತ್ರವಾ? ಬೇಸಿಗೆ ರಜೆಯ ತಿಂಗಳುಗಳಲ್ಲಿ ಖರ್ಚಿಗೆ ಕೊಡುತ್ತಾರಾ? ನಾಚಿಕೊಳ್ಳಬೇಡ. ಕೇಳುವುದು ಬೇಡುವುದಲ್ಲ. ಅವರ ಉತ್ತರದಲ್ಲಿ ಶಲ್ ಇದೆಯಾ ನೋಡಿಕೋ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ರಿವರ್ಸ್ ಗೇರ್ ನಿನ್ನ ವಿಷಯ ಕೇಳಿ, “ಅವಳು ಚಿಕ್ಕವಳಿದ್ದಾಗ ಡಿಪೋಗೆ ಬಂದು ನನ್ನ ಸ್ಟೇರಿಂಗ್ ಮೇಲೆ ಕೂತಿದ್ಲು, ನೆನಪಿದೆಯೇನೋ” ಎಂದು ಶುರು ಮಾಡಿದ. ಮುಂದಿನದು ನಿನಗೆ ಗೊತ್ತು, ಊಟದ ಹೊತ್ತಿನವರೆಗೆ ಬ್ರೇಕಿಲ್ಲ. ಲೈಬ್ರರಿ ಮೇಡಂ ಮೊನ್ನೆ ಮೆಲ್ಲಗೆ, “ತಾತ, ನನ್ನದೂ ಡಿಗ್ರಿ ಕಂಪ್ಯೂಟರೇ. ನನಗೂ ಒಂದು ಚಾರ್ಟ್ ಹಾಕಿಕೊಡ್ತೀರಾ?” ಅಂದಳು. ಹಾಗಾಗಿ ನನಗೆ ಕೈತುಂಬ ಕೆಲಸ. ಅವಳ ಇ-ಮೇಲನ್ನು ಅವಳೇ ಬರೆಯುತ್ತಾಳೆ ಎಂಬ ಷರತ್ತಿನ ಮೇಲೆ ಒಪ್ಪಿದ್ದೇನೆ. ನಾನೂ ಕಲಿಯುತ್ತೇನೆ, ನಿಧಾನವಾಗಿ.

ಅಮ್ಮ ಇದ್ದಿದ್ದರೆ ಇಷ್ಟೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅವಳು ಫೋನಿನಲ್ಲಿ “ಸಾಕು ನಿನ್ನ ಬಿಗುಮಾನ, ಹೋಗೇ” ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. ನನಗೆ ಎರಡು ಮಾತು ಬರುವುದಿಲ್ಲ, ಎಂಟು ಹಾಳೆ ಬೇಕು. ನೀನು ಎಲ್ಲಿದ್ದರೂ ಹಸಿದು ಮಲಗದಿರು, ತಲೆ ತಗ್ಗಿಸದಿರು. ಹತ್ತಿದ ಬಸ್ಸು ನಿನ್ನನ್ನು ಅಂದುಕೊಂಡ ಕಡೆ ಇಳಿಸಲಿ. ಕಲಿತದ್ದು ಕೈ ಹಿಡಿಯಲಿ.

ಇಂತಿ,
ನಿನ್ನ ಅಪ್ಪ

ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು. ಇದನ್ನು ಬರೆಯುವುದು ಬೇಡವೆಂದಿದ್ದೆ. ಆದರೆ ನೀನು ಅಲ್ಲಿಗೆ ಹೋದ ಮೇಲೆ ತಬ್ಬಿಬ್ಬಾಗಬಾರದಲ್ಲ, ಅದಕ್ಕೆ. ಪ್ರೊಫೆಸರಮ್ಮ ನಿನ್ನನ್ನು ‘ನಿಮ್ಮ ಅಂಕಲ್ ಹೇಗಿದ್ದಾರೆ’ ಎಂದು ಕೇಳಬಹುದು. ಅದು ನಾನು.

ಅವತ್ತು ಮಾತಿನ ಕೊನೆಗೆ ಅವರು, ನೀನು ಅರ್ಜಿಯ ಜೊತೆ ನಿನ್ನ ಬಗ್ಗೆ ಬರೆದು ಕಳಿಸಿದ್ದ ಎರಡು ಪುಟ ತೆಗೆದು, ತಮಗೆ ಹಿಡಿಸಿದ ಭಾಗ ಓದಿ ಹೇಳಿದರು. ಅಮ್ಮನ ಹಾಸಿಗೆ, ವಾರ್ಡಿನ ಆ ಹಸಿರು ಗೋಡೆ, ಎರಡು ಪಾಳಿ ಒಟ್ಟಿಗೆ ಮಾಡಿ ನಿಂತಲ್ಲೇ ತೂಗುತ್ತಿದ್ದ ನರ್ಸು. ಪಾಳಿಯ ಪ್ರೋಗ್ರಾಮ್ ಅಲ್ಲಿ ಹುಟ್ಟಿತು ಎಂದು ಬರೆದಿದ್ದೀ. ಬಹಳ ಚೆನ್ನಾಗಿತ್ತು. ಆಮೇಲೆ ಈ ವಾಕ್ಯ ಓದಿದರು: ‘ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನನಗೆ ಯಾರೂ ಇರಲಿಲ್ಲ.’ ಅಷ್ಟು ಇಂಗ್ಲಿಷ್ ನನಗೆ ಅರ್ಥವಾಗುತ್ತದೆ. ಅವರು ಕನ್ನಡಕ ತೆಗೆದು, “ತಂದೆ ತಾಯಿ ಇಬ್ಬರೂ ಇಲ್ಲದ ಹುಡುಗಿ. ನೀವು ಅವಳಿಗೆ ಏನಾಗಬೇಕು?” ಎಂದು ಕೇಳಿದರು.

ಅಪ್ಪ ಎಂದರೆ ನೀನು ಬರೆದದ್ದು ಸುಳ್ಳು ಎಂದುಕೊಂಡಾರು, ಎತ್ತಿಟ್ಟ ಫೈಲು ಮತ್ತೆ ಕೆಳಗಿಟ್ಟಾರು ಎನ್ನಿಸಿತು. ಅಂಕಲ್ ಎಂದೆ. ಇಂಗ್ಲಿಷಿನಲ್ಲಿ ಅದೊಂದು ಅನುಕೂಲ, ಮಾವನೋ ಚಿಕ್ಕಪ್ಪನೋ ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ನಾನು ಮನಸ್ಸಿನಲ್ಲಿ ದೊಡ್ಡಪ್ಪ ಎಂದಿಟ್ಟುಕೊಂಡೆ, ಅದರಲ್ಲಿ ಅಪ್ಪ ಸ್ವಲ್ಪ ಉಳಿಯುತ್ತಾನೆ. ಅವರು ನಿನ್ನ ತಂದೆ ಇಲ್ಲದ್ದಕ್ಕೆ ನನಗೆ ಸಂತಾಪ ಹೇಳಿದರು. ನಾನು ಥ್ಯಾಂಕ್ಯೂ ಎಂದೆ. ಲೈಬ್ರರಿ ಮೇಡಂ ಮೇಜಿನ ಕೆಳಗಿನಿಂದ ನನ್ನ ತೋಳು ಹಿಡಿದುಕೊಂಡಳು. ಅಲ್ಲಿಗೆ ಹೋದ ಮೇಲೆ ಅವರಿಗೆ ನಿಜ ಹೇಳಬೇಕು ಎನ್ನಿಸಿದರೆ ಹೇಳು, ಬೇಡವೆನ್ನಿಸಿದರೆ ಅಂಕಲ್ ಚೆನ್ನಾಗಿದ್ದಾರೆ ಅನ್ನು.

ನೀನು ಸುಳ್ಳು ಬರೆದೆ ಎಂದು ನಾನು ಹೇಳುತ್ತಿಲ್ಲ. ಆ ವರ್ಷವೆಲ್ಲ ನಾವಿಬ್ಬರೂ ಟಿ.ವಿ. ಹಾಕಿಕೊಂಡು, ಎದುರುಬದುರು ಕೂತು, ಒಂದು ಮಾತೂ ಇಲ್ಲದೆ ಊಟ ಮಾಡಿ ಏಳುತ್ತಿದ್ದೆವು. ನಾನು ಅದನ್ನು ಜೊತೆಗಿರುವುದು ಎಂದುಕೊಂಡಿದ್ದೆ. ಮನೆಯಲ್ಲಿ ನಾನಿದ್ದೆನಲ್ಲ, ಮಗಳೇ?

ಇದಕ್ಕೆ ಉತ್ತರ ಬರೆಯಬೇಡ. ಅವರ ಪತ್ರಕ್ಕೆ ಬರಿ.